ವಿದ್ಯುತ್ತಿನ ಗಂಟೆ, ಮೀನಿನ ಋತು

ನದಿಯ ನೀರನ್ನು ಎತ್ತರದಲ್ಲಿ ತಡೆದು, ಪೆನ್‌ಸ್ಟಾಕ್ ಎಂಬ ಉಕ್ಕಿನ ಕೊಳವೆಗಳಲ್ಲಿ ಇಳಿಸಿ, ಅದರ ರಭಸದಿಂದ ಟರ್ಬೈನಿನ ಚಕ್ರವನ್ನು ತಿರುಗಿಸಿ, ಅದಕ್ಕೆ ಜೋಡಿಸಿದ ಜನರೇಟರಿನಿಂದ ವಿದ್ಯುತ್ತನ್ನು ಪಡೆಯುವ ಕ್ರಮವು, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದಂದಿನಿಂದ ಕನ್ನಡ ನಾಡಿಗೆ ಪರಿಚಿತವಾಗಿದೆ. ಸೆಕೆಂಡಿಗೆ ಒಂದು ಘನ ಮೀಟರ್ ನೀರು 100 ಮೀಟರ್ ಇಳಿದರೆ ತಾತ್ತ್ವಿಕವಾಗಿ ಸುಮಾರು 980 ಕಿಲೋವಾಟ್ ಶಕ್ತಿ ಸಿಗುತ್ತದೆ. ಟರ್ಬೈನಿನಲ್ಲಿ ನೀರು ಹನಿಯಷ್ಟೂ ಖರ್ಚಾಗುವುದಿಲ್ಲ. ಜಲವಿದ್ಯುತ್ತು ನದಿಗೆ ಕೇಡು ಮಾಡದೆಂಬ ನಂಬಿಕೆ ಹುಟ್ಟಿದ್ದು ಈ ಲೆಕ್ಕದಿಂದಲೇ. ಲೆಕ್ಕ ಸರಿಯಾದದ್ದೇ, ಆದರೆ ಅದು ನೀರಿನ ಪ್ರಮಾಣವನ್ನಷ್ಟೇ ಎಣಿಸುತ್ತದೆ; ಮೀನಿಗೆ ಪ್ರಮಾಣದ ಜೊತೆಗೆ ದಾರಿಯೂ ಹೊತ್ತೂ ಬೇಕು.

ಕಾವೇರಿ ತೀರದವರು ಬಿಳಿಮೀನೆನ್ನುವ ಮಹಶೀರ್ ಮಳೆಗಾಲದಲ್ಲಿ ಹೊಳೆಯ ಮೇಲ್ಭಾಗದ ಜಲ್ಲಿಕಲ್ಲಿನ ನೆಲೆಗಳನ್ನು ಅರಸಿ ಮೊಟ್ಟೆಯಿಡುತ್ತದೆ. ಹಾವುಮೀನಿನ ಪಯಣ ಇದಕ್ಕೆ ವಿರುದ್ಧ: ಅದು ಸಿಹಿನೀರಿನಲ್ಲಿ ಬೆಳೆದು, ಮೊಟ್ಟೆಯಿಡಲು ಸಮುದ್ರಕ್ಕೆ ಇಳಿಯುತ್ತದೆ. ಸಮುದ್ರದಿಂದ ನದಿಗೆ ಏರುವ ಹಿಲ್ಸಾ ಮೀನಿನ ಗತಿ ಏನಾಯಿತೆಂಬುದನ್ನು, ಮೆಟ್ಟೂರು ಅಣೆಕಟ್ಟು 1934ರಲ್ಲಿ ಪೂರ್ಣಗೊಂಡ ಬಳಿಕ ಕುಸಿದ ಕಾವೇರಿಯ ಹಿಲ್ಸಾ ಮೀನುಗಾರಿಕೆಯೇ ಹೇಳುತ್ತದೆ. ಏರುವ ಮೀನನ್ನು ಗೋಡೆ ತಡೆದರೆ, ಇಳಿಯುವ ಮೀನು ಟರ್ಬೈನಿಗೆ ಸಿಕ್ಕಿ ಅಲಗಿನ ಹೊಡೆತಕ್ಕೋ, ಒತ್ತಡ ಥಟ್ಟನೆ ಕುಸಿದು ಗಾಳಿಚೀಲ ಒಡೆಯುವುದಕ್ಕೋ ಬಲಿಯಾಗುತ್ತದೆ; ಉದ್ದ ದೇಹದ ಹಾವುಮೀನಿಗೆ ಅಲಗು ತಗಲುವ ಸಂಭವ ಇನ್ನೂ ಹೆಚ್ಚು. ಮೆಟ್ಟಿಲು ಮೆಟ್ಟಿಲಾಗಿ ನೀರು ಬಿಡುವ ಮೀನೇಣಿಗಳು ಅಮೆರಿಕದ ಕೊಲಂಬಿಯಾ ನದಿಯಲ್ಲಿ, ನೆಗೆದು ಏರುವ ಸಾಲ್ಮನ್ ಮೀನಿಗೆ ಉಪಯೋಗಕ್ಕೆ ಬಂದಿವೆಯೆಂಬುದು ನಿಜ. ಆದರೆ ನೆಗೆಯದ ಮೀನುಗಳಿಗೂ ಅದೇ ಏಣಿ ಸಾಕೆಂದು ಭಾವಿಸಲಾಗದು.

ಹಾಗೆಂದು ಎಲ್ಲ ಸ್ಥಾವರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಜೋಗದ 253 ಮೀಟರ್ ಜಲಪಾತವನ್ನು ಬಹುತೇಕ ಮೀನುಗಳು ಎಂದೂ ಏರಿರಲಿಲ್ಲವಾದ್ದರಿಂದ ಅಲ್ಲಿ ಪ್ರಕೃತಿಯೇ ಮೊದಲ ಗೋಡೆ ಕಟ್ಟಿತ್ತು. ಮರಳ ಹಾಸಿನ ಮೇಲೆ ಸಮತಟ್ಟಾಗಿ ಹರಿಯುವ ವೇದಾವತಿಯ ಕಥೆ ಬೇರೆ. ಅದಕ್ಕೆ ಅಡ್ಡಲಾಗಿ, ವಿದ್ಯುತ್ತಿಗಾಗಿ ಅಲ್ಲ, ನೀರಾವರಿಗೆಂದು ಕಟ್ಟಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕೆಳಗೆ ಭೈರವಾನಿತಿಪ್ಪದಲ್ಲಿ ಇನ್ನೊಂದು ಅಡ್ಡಗಟ್ಟೆ. ಟರ್ಬೈನಿಲ್ಲದೆಯೂ ನದಿ ತುಂಡಾಗಬಲ್ಲದೆಂಬುದಕ್ಕೆ ಚಳ್ಳಕೆರೆ ಸೀಮೆಯವರು ದೂರ ಹೋಗಿ ಸಾಕ್ಷಿ ಹುಡುಕಬೇಕಾಗಿಲ್ಲ.

ಗೋಡೆಗಿಂತ ಕಡಿಮೆ ಚರ್ಚೆಗೆ ಬಂದಿರುವುದು ಹೊತ್ತಿನ ಪ್ರಶ್ನೆ, ಮತ್ತು ಚಳ್ಳಕೆರೆ ಸೀಮೆಯ ನಾಯಕನಹಟ್ಟಿಯಂಥ ಬಯಲುನಾಡಿಗೆ ಅದರೊಡನೆ ನೇರ ನಂಟಿದೆ. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳೂ ನೆರೆಯ ಪಾವಗಡದ 2,050 ಮೆಗಾವಾಟ್ ಸೌರಪಾರ್ಕೂ ನದಿಗೆ ಹೊರೆಯಾಗದ ವಿದ್ಯುತ್ತನ್ನು ಕೊಡುತ್ತವೆ ಎಂದುಕೊಳ್ಳುವುದು ಸುಲಭ. ಆದರೆ ಸೂರ್ಯ ಮುಳುಗಿದಾಗಲೇ ಮನೆಮನೆಯ ದೀಪ ಹೊತ್ತುವುದರಿಂದ, ಆ ಕೊರತೆಯನ್ನು ನಿಮಿಷಗಳಲ್ಲಿ ತುಂಬಬಲ್ಲ ಶರಾವತಿಯಂಥ ಜಲಸ್ಥಾವರಗಳ ಮೇಲೆ ಒತ್ತಡ ಬೀಳುತ್ತದೆ. ಹೀಗೆ ಬೇಡಿಕೆಗೆ ತಕ್ಕಂತೆ ಯಂತ್ರ ಓಡಿಸಿ ನಿಲ್ಲಿಸುವಾಗ, ಕೆಳಗೆ ಏರಿಳಿತ ತಡೆಯುವ ಇನ್ನೊಂದು ಕಟ್ಟೆ ಇಲ್ಲದ ಕಡೆ, ಸಂಜೆ ಉಕ್ಕುವ ಹೊಳೆ ನಡುರಾತ್ರಿ ಇಳಿದು, ದಡದ ಆಳವಿಲ್ಲದ ನೀರಿನ ಮೊಟ್ಟೆ ಮರಿಗಳು ಒಣಗುತ್ತವೆ. ಶರಾವತಿಯಲ್ಲಿ ಗೇರುಸೊಪ್ಪೆಯ ಕಟ್ಟೆ ಈ ಏರಿಳಿತವನ್ನು ತಗ್ಗಿಸುತ್ತದೆ, ದಿಟ. ಆದರೂ ಬೇಸಿಗೆಯಲ್ಲೂ ಹರಿದುಬರುವ ಸಿಹಿನೀರು ಹೊನ್ನಾವರದ ಅಳಿವೆಯ ಉಪ್ಪನ್ನು ತೆಳುವಾಗಿಸಿ ಅಲ್ಲಿನ ಚಿಪ್ಪುಜೀವಿಗಳನ್ನು ಕುಗ್ಗಿಸಿದೆ.

ಆದುದರಿಂದ ಅಣೆಕಟ್ಟು ಬೇಕೋ ಬೇಡವೋ ಎಂಬ ವಾದಕ್ಕಿಂತ, ಇರುವ ಯಂತ್ರಗಳನ್ನು ಯಾವಾಗ, ಎಷ್ಟು ನಿಧಾನವಾಗಿ ಓಡಿಸಿ ನಿಲ್ಲಿಸಬೇಕೆಂಬ ನಿಯಮವೇ ಹೆಚ್ಚು ಫಲ ಕೊಡಬಲ್ಲದು. ಮಲೆನಾಡಿನವರು ಹತ್ತುಮೀನೆಂದು ಗುರುತಿಸುವ, ಮೊದಲ ಮಳೆಗೆ ಮೀನು ಹೊಳೆ ಏರುವ ದಿನಗಳಲ್ಲಾದರೂ ಹರಿವು ಒಂದೇ ಸಮನಾಗಿರುವಂತೆ ನೋಡಿಕೊಂಡರೆ, ಕಳೆದುಕೊಳ್ಳುವುದು ಸಂಜೆಯ ಒಂದಿಷ್ಟು ಮೆಗಾವಾಟ್. ಅದನ್ನು ಸೌರಸ್ಥಾವರಗಳ ಬಳಿಯೇ ಬ್ಯಾಟರಿಗಳಲ್ಲಿ ಕೂಡಿಟ್ಟು ತುಂಬಿಕೊಳ್ಳಬಹುದು, ಮತ್ತು ಆ ವೆಚ್ಚವನ್ನು ಹೊಳೆಯ ಮೀನುಗಾರರ ಮೇಲೆ ಹೊರಿಸದೆ ವಿದ್ಯುತ್ ದರದಲ್ಲಿಯೇ ಸೇರಿಸುವುದು ನ್ಯಾಯ.