ಎತ್ತುವವರ ಮಾತು

ಕನ್ನಡದಲ್ಲಿ ವಿಜ್ಞಾನವನ್ನು ಹೇಳಲು ಬಾರದು, ಪದಗಳೇ ಇಲ್ಲ ಎಂಬ ಕೊರಗನ್ನು ನಮ್ಮ ವಿದ್ಯಾವಂತರ ಬಾಯಿಂದ ಆಗಾಗ ಕೇಳುತ್ತೇವೆ. ಪದಗಳು ಇಲ್ಲವೋ, ಅಥವಾ ಪದಗಳಿರುವ ಕಡೆಗೆ ನಾವು ಹೋಗಲಿಲ್ಲವೋ ಎಂಬುದು ವಿಚಾರ ಮಾಡತಕ್ಕ ಸಂಗತಿ. ಭಾರ ಎತ್ತುವ ಸಾಧನಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಇಂಗ್ಲಿಷಿನ 'ಕ್ರೇನ್' ಎಂಬುದಕ್ಕೆ ಕೊಕ್ಕರೆಯ ಜಾತಿಯ ಒಂದು ಹಕ್ಕಿ ಎಂದು ಅರ್ಥ. ಉದ್ದ ಕತ್ತನ್ನು ಚಾಚಿದ ಯಂತ್ರವನ್ನು ಕಂಡವರು ಹಕ್ಕಿಯ ಹೆಸರಿಟ್ಟರು. ಹಡಗಿನ ಮೇಲೆ ಸರಕು ಎತ್ತುವ 'ಡೆರಿಕ್' ಎಂಬುದು ಸುಮಾರು 1600ರಲ್ಲಿ ಲಂಡನ್ನಿನಲ್ಲಿದ್ದ ಒಬ್ಬ ಗಲ್ಲುಗಾರನ ಹೆಸರು! ಲಂಗರು ಎತ್ತುವ ದಿಮ್ಮಿಗೆ ನಾವಿಕರು 'ಬೆಕ್ಕಿನ ತಲೆ' ಎಂದರು. ಹಡಗಿನ ಸಣ್ಣ ಉಗಿಯಂತ್ರಕ್ಕೆ 'ಕತ್ತೆ' ಎಂದರು. ಇವುಗಳನ್ನು ಯಾವ ಪಂಡಿತರ ಸಮಿತಿಯೂ ಕೂತು ರಚಿಸಲಿಲ್ಲ. ಹಗ್ಗ ಹಿಡಿದು ಅಂಗೈ ಸುಲಿದುಕೊಂಡವರು ಇಟ್ಟ ಹೆಸರುಗಳಿವು.

ನಮ್ಮವರೇನು ಕಡಿಮೆಯೆ? ಮಾಯಕೊಂಡದ ಸುತ್ತಿನ ಹಳ್ಳಿಗಳ ಮುದುಕರನ್ನು ಕೇಳಿ ನೋಡಿ. ಕಪಿಲೆ ಎಂದರೆ ಕಂದು ಬಣ್ಣದ ಹಸುವೂ ಹೌದು, ಬಾವಿಯಿಂದ ಎತ್ತುಗಳು ನೀರೆಳೆಯುವ ಸಾಧನವೂ ಹೌದು. ಅದಕ್ಕೆ ಬಾನಿ, ಮಿಣಿ, ಗಾಲಿ ಎಂದು ಅಂಗ ಅಂಗಕ್ಕೂ ಹೆಸರು. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ಎಳೆಯುವುದರಿಂದ ಅವುಗಳ ಮೈಭಾರವೂ ಕೆಲಸಕ್ಕೆ ಬರುತ್ತದೆ; ಇದು ಯಂತ್ರಶಾಸ್ತ್ರವಲ್ಲದೆ ಮತ್ತೇನು? ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತುವ ಕೊಕ್ಕೆಗಳ ಗೊಂಚಲಿಗೆ 'ಪಾತಾಳಗರಡಿ' ಎಂದವನು ಯಾವ ಕವಿಗೆ ಕಡಿಮೆ? ಬೋರ್‌ವೆಲ್ ಬಂದಮೇಲೆ ಕಪಿಲೆಯೂ ಹೋಯಿತು, ಬಾನಿಯೂ ಹೋಯಿತು. ನನ್ನ ತರಗತಿಯ ಗೆಳೆಯರಲ್ಲಿ ಹೆಚ್ಚಿನವರಿಗೆ ಮಿಣಿ ಎಂದರೆ ಏನೆಂದು ತಿಳಿಯದು. ಅದೃಷ್ಟಕ್ಕೆ ಪಠ್ಯಪುಸ್ತಕ ಬರೆದವರು ಸನ್ನೆ, ರಾಟೆ, ಬೆಣೆಗಳನ್ನು ಹಳ್ಳಿಯಿಂದಲೇ ಕೊಂಡೊಯ್ದರು. ಆ ಪಾಠವನ್ನು ನಮ್ಮಂಥ ಮಕ್ಕಳು ಉರುಹೊಡೆಯಬೇಕಾಗಲಿಲ್ಲ. ಮನೆಯಲ್ಲೇ ಅರ್ಧ ಓದಿ ಬಂದಿದ್ದೆವು.

ಕೋಲಾರದ ಚಿನ್ನದ ಗಣಿಯಲ್ಲಿ ಹೀಗಾಗಲಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿಗಾರರು ಬಂದರು. ಕೂಲಿಗಳು ಹೆಚ್ಚಾಗಿ ತಮಿಳು, ತೆಲುಗು ಸೀಮೆಗಳಿಂದ ಬಂದರು. ಮೂರು ಕಿಲೋಮೀಟರಿಗೂ ಆಳಕ್ಕೆ ಜನರನ್ನು ಇಳಿಸಿ ಎತ್ತಿದ ಆ ಸಾಧನಗಳು ಶಾಫ್ಟು, ಕೇಜು, ಸ್ಕಿಪ್ಪು ಎಂದೇ ಉಳಿದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕನ್ನಡ ನಾಡಿನ ನೆಲದಡಿಯಲ್ಲಿ ನೂರಿಪ್ಪತ್ತು ವರ್ಷ ನಡೆದ ಕೆಲಸದಿಂದ ನಮ್ಮ ನಿಘಂಟಿಗೆ ಎಷ್ಟು ಮಾತು ಸೇರಿತು?

ಹಾಗೆಂದು ಪರಭಾಷೆಯ ಪದಗಳನ್ನೆಲ್ಲ ಓಡಿಸಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ತಂದೆಯವರು ಹರಿಹರದ ಕಡೆ ಯಂತ್ರಗಳನ್ನು ಎತ್ತಿ ಕೂಡಿಸುವ ಗುಂಪಿನಲ್ಲಿ ದುಡಿದವರು. ಓದು ಬರಹ ಇಲ್ಲ. ಭಾರ ಮೇಲೇರಬೇಕಾದರೆ ಅವರ ಗುಂಪು 'ಹಬೀಸ್' ಎಂದು ಕೂಗುತ್ತದೆ, ಇಳಿಯಬೇಕಾದರೆ 'ಆರ್ಯಾ' ಎನ್ನುತ್ತದೆ. ಇವು ಹಡಗಿನ ಲಷ್ಕರರ ಮಾತು. ಆರ್ಯಾ ಎಂಬುದು ಇಳಿಸು ಎಂಬರ್ಥದ ಪೋರ್ಚುಗೀಸ್ 'ಅರ್ರಿಯಾರ್'. ಸಮುದ್ರವನ್ನೇ ಕಾಣದ ತುಂಗಭದ್ರೆಯ ದಂಡೆಗೆ ಈ ಮಾತು ಖಲಾಸಿಗಳ ಬಾಯಿಂದ ಬಾಯಿಗೆ ನಡೆದುಬಂದಿದೆ. ಇದಕ್ಕೆ ಕನ್ನಡ ಯಾಕಿಲ್ಲ ಎಂದು ಕೇಳಿದ್ದಕ್ಕೆ ತಂದೆಯವರು, "ತಲೆ ಮ್ಯಾಲೆ ಭಾರ ತೂಗ್ತಿರುವಾಗ ಯಾರಾದ್ರೂ ವ್ಯಾಕರಣ ಕೇಳ್ತಾರೇನೋ ತಮ್ಮಾ?" ಎಂದರು.

ಅವರ ಮಾತನ್ನು ನಾನು ಆಮೇಲೆ ತೂಗಿ ನೋಡಿದೆ. 'ಎತ್ತು' ಎಂದರೆ ಗದ್ದಲದಲ್ಲಿ 'ಒತ್ತು' ಎಂದು ಕೇಳಿಸಬಹುದು. 'ಇಳಿಸು' ಎಂಬುದು 'ಇರಿಸು' ಆಗಬಹುದು. ಹಬೀಸ್, ಆರ್ಯಾ ಎಂಬುವು ಒಂದಕ್ಕೊಂದು ಎಂದೂ ಬೆರೆಯವು. ಟನ್ನುಗಟ್ಟಲೆ ಕಬ್ಬಿಣದ ಕೆಳಗೆ ನಿಂತವನ ಜೀವ ಆ ಎರಡು ಶಬ್ದಗಳ ಅಂತರದಲ್ಲಿದೆ. ಅಲ್ಲಿಗೆ 'ಊರ್ಧ್ವಚಾಲನೆ', 'ಅಧೋಚಾಲನೆ' ಎಂದು ಬರೆದು ಕಳಿಸುವ ಪಂಡಿತರು ಒಮ್ಮೆ ತಾವೇ ಬಂದು ಕೆಳಗೆ ನಿಲ್ಲಲಿ!

ಇಂಥ ಜನರ ವಿದ್ಯೆಯನ್ನು ಹಗುರವಾಗಿ ಕಾಣುವವರು 1988ರ ಜುಲೈ 8ನ್ನು ನೆನೆಯಬೇಕು. ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೊರಟ ಐಲೆಂಡ್ ಎಕ್ಸ್‌ಪ್ರೆಸ್ಸಿನ ಬೋಗಿಗಳು ಕೇರಳದ ಪೆರುಮಣಿನಲ್ಲಿ ಅಷ್ಟಮುಡಿ ಸರೋವರಕ್ಕೆ ಬಿದ್ದವು. ನೂರಕ್ಕೂ ಹೆಚ್ಚು ಜನ ಸತ್ತರು. ನೀರಿನಿಂದ ಬೋಗಿಗಳನ್ನು ಮೇಲೆಳೆಯಲು ಮಲಬಾರಿನ ಮಾಪಿಳ್ಳೆ ಖಲಾಸಿಗಳನ್ನು ಕರೆಸಬೇಕಾಯಿತು. ಹಗ್ಗ, ಕಪ್ಪಿ ಎಂಬ ರಾಟೆ, ದವರು ಎಂಬ ಮರದ ಸುತ್ತುಗಾಲಿ, ಜೊತೆಗೆ ಒಂದೇ ಉಸಿರಿನ ಕೂಗು. ಇವೇ ಅವರ ಯಂತ್ರ.

ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಿಂತು ಎರಡು ದಶಕಗಳಿಗೂ ಮೀರಿತು. ಅಲ್ಲಿ ಲೇತು ಎತ್ತಿ ಲಾರಿಗೆ ಏರಿಸಿದವರು ಈಗ ಮುಪ್ಪಿನಲ್ಲಿದ್ದಾರೆ. ನಮ್ಮ ಕಾಲೇಜಿನ ಕನ್ನಡ ಸಂಘದವರು ವರ್ಷಕ್ಕೆರಡು ಭಾಷಣ ಏರ್ಪಡಿಸುವುದು ಸರಿಯೇ. ಈ ರಜೆಯಲ್ಲಿ ಒಂದು ನೋಟ್‌ಪುಸ್ತಕ ಹಿಡಿದು ಅವರ ಜಗಲಿಗೂ, ಕಪಿಲೆ ಹೊಡೆದ ಅಜ್ಜಂದಿರ ಜಗಲಿಗೂ ಹೋಗಲಿ. ಮೊದಲನೆಯ ಪುಟಕ್ಕೆ ನಮ್ಮ ತಂದೆಯವರು ಒಪ್ಪಿದ್ದಾರೆ, ಭಾನುವಾರವಾದರೆ.