ಅರಿವಿನ ದಾಸೋಹಕ್ಕೆ ವಿವೇಕದ ಬಟ್ಟಲು

ದಾಸೋಹವೆಂದೊಡನೆ ನಮ್ಮ ನೆನಪಿಗೆ ಬರುವುದು ಅನ್ನ. ಆದರೆ ಅರಿವಿಗೂ ದಾಸೋಹವುಂಟು. ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ಅಂತಹದೊಂದು ದಾಸೋಹದ ಮನೆ.

1836ರಲ್ಲಿ ಸೇನೆಯ ಮುಖ್ಯ ವೈದ್ಯಾಧಿಕಾರಿಯ ಕಚೇರಿಯಲ್ಲಿ ಆರಂಭವಾದ ಈ ಪುಟ್ಟ ಸಂಗ್ರಹವನ್ನು 1865ರಿಂದ ಮೂರು ದಶಕಗಳ ಕಾಲ ಬೆಳೆಸಿದವರು ಜಾನ್ ಶಾ ಬಿಲ್ಲಿಂಗ್ಸ್ ಎಂಬ ಸೇನಾ ವೈದ್ಯರು. ಗ್ರಂಥಗಳನ್ನು ಕೂಡಿಟ್ಟರಷ್ಟೇ ಸಾಲದು, ಬೇಕಾದುದು ಬೇಕಾದವರ ಕೈಗೆ ಸಿಗಬೇಕೆಂಬುದು ಅವರ ನಿಲುವು. ಅದಕ್ಕೆಂದೇ 1879ರಲ್ಲಿ ವೈದ್ಯಕೀಯ ಲೇಖನಗಳ ಮಾಸಿಕ ಸೂಚಿಯಾದ ‘ಇಂಡೆಕ್ಸ್ ಮೆಡಿಕಸ್’ ಹೊರಬಂದಿತು. ಸದ್ದಿಲ್ಲದೆ ನಡೆದ ಆ ಕೆಲಸವನ್ನು ನಾವು ಕಾಯಕವೆಂದೇ ಕರೆಯುತ್ತೇವೆ. ಅದರ ಇಂದಿನ ರೂಪ ‘ಪಬ್‌ಮೆಡ್’. ಮೂರು ಕೋಟಿಗೂ ಮಿಕ್ಕ ಸಂಶೋಧನ ಲೇಖನಗಳ ವಿವರಗಳುಳ್ಳ ಈ ಭಂಡಾರವು 1997ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಬಡವ ಬಲ್ಲಿದ, ದೇಶ ವಿದೇಶವೆಂಬ ಭೇದ ಅಲ್ಲಿಲ್ಲ.

ಇಲ್ಲಿಯೇ ನಾವು ಎಚ್ಚರ ವಹಿಸಬೇಕಾಗಿದೆ. “ಅಮೆರಿಕದ ಸಂಶೋಧನೆಯಿಂದ ಸಿದ್ಧವಾಗಿದೆ” ಎಂಬ ಒಕ್ಕಣೆಯೊಡನೆ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನು ನಂಬಿ, ಸಕ್ಕರೆ ಕಾಯಿಲೆಯ ಅಥವಾ ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಿಬಿಡುವವರು ನಮ್ಮ ನಡುವೆಯೇ ಇದ್ದಾರೆ. ಒಂದು ಲೇಖನವು ಆ ಭಂಡಾರದಲ್ಲಿದೆ ಎಂದ ಮಾತ್ರಕ್ಕೆ ಅದರ ತೀರ್ಮಾನಕ್ಕೆ ಗ್ರಂಥಾಲಯವು ಮುದ್ರೆಯೊತ್ತಿದೆ ಎಂದು ಅರ್ಥವಲ್ಲ. ಇಲಿಗಳ ಮೇಲೆ ನಡೆದ ಪ್ರಯೋಗ, ಹತ್ತಾರು ರೋಗಿಗಳ ಮೇಲಿನ ಪರೀಕ್ಷೆ, ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಎಲ್ಲವೂ ಅಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ. ಅವುಗಳ ತೂಕ ಮಾತ್ರ ಒಂದೇ ಅಲ್ಲ.

ಆದುದರಿಂದ ಇಂತಹ ಸಂದೇಶ ಬಂದಾಗ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಪರೀಕ್ಷೆ ಮನುಷ್ಯರ ಮೇಲೆ ನಡೆಯಿತೇ? ಎಷ್ಟು ಜನರ ಮೇಲೆ? ಬೇರೆಯವರು ಮಾಡಿ ನೋಡಿದಾಗಲೂ ಅದೇ ಫಲ ದೊರೆಯಿತೇ? ಹಣ ಒದಗಿಸಿದವರು ಯಾರು? ಸಾಮಾನ್ಯ ಓದುಗರಿಗಾಗಿ ಅದೇ ಗ್ರಂಥಾಲಯವು ‘ಮೆಡ್‌ಲೈನ್‌ಪ್ಲಸ್’ ಎಂಬ ಸರಳ ಮಾಹಿತಿ ತಾಣವನ್ನು ನಡೆಸುತ್ತಿದೆ. ಮನೆಯಲ್ಲಿ ಇಂಗ್ಲಿಷ್ ಬಲ್ಲ ಮಕ್ಕಳು ಅದನ್ನು ಓದಿ ಹಿರಿಯರಿಗೆ ಕನ್ನಡದಲ್ಲಿ ತಿಳಿಸಿದರೆ ಅದೂ ಒಂದು ಸೇವೆಯೇ. ಆದರೆ ಔಷಧವನ್ನು ಬದಲಿಸುವ ಮಾತು ವೈದ್ಯರ ಮುಂದೆಯೇ ನಡೆಯಬೇಕು.

ಶರಣರು ಯಾವುದನ್ನೂ ಪ್ರಶ್ನಿಸದೆ ಒಪ್ಪಿದವರಲ್ಲ. ಅರಿವು ಆಚಾರಗಳೆರಡೂ ಕೂಡಿರಬೇಕೆಂದು ಅವರು ಬಯಸಿದರು. ದೂರದ ಗ್ರಂಥಾಲಯವು ಅರಿವನ್ನು ಉಚಿತವಾಗಿ ಬಡಿಸುತ್ತಿದೆ. ಅದನ್ನು ಸ್ವೀಕರಿಸುವ ವಿವೇಕದ ಬಟ್ಟಲನ್ನು ನಾವೇ ಹಿಡಿಯಬೇಕು.