ಬಾಡಿಗೆಗೆ ಮನೆ ಇದೆ, ನಿಮಗಲ್ಲ



ಹಳ್ಳಿ ಬಿಟ್ಟು ಪೇಟೆ ಸೇರಿದರೆ ಜಾತಿ ನಮ್ಮನ್ನು ಬಿಡುತ್ತದೆ ಎಂದು ಹೇಳಿದವರು ಯಾರು? ಹೈಸ್ಕೂಲಿನ ಮೇಷ್ಟ್ರು ಹೇಳಿದರು. ಜಯಂತಿ ಭಾಷಣಕ್ಕೆ ಬಂದ ಎಮ್ಮೆಲ್ಲೆ ಹೇಳಿದರು. ನಮ್ಮಪ್ಪಂದಿರೂ ಹೇಳಿದರು: ‘ಓದ್ಕೊಂಡು ಪ್ಯಾಟೆ ಸೇರ್ಕೊ ಮಗ, ಈ ಕೇರಿ ಪಾಡು ನಿಂಗ್ ಬ್ಯಾಡ.’ ಅಪ್ಪನ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ಅವನು ಪೇಟೆಯನ್ನು ಕಂಡದ್ದು ಸಂತೆಯ ದಿನ ಮಾತ್ರ. ಸಂತೆಯಲ್ಲಿ ದುಡ್ಡಿಗೆ ಜಾತಿ ಇಲ್ಲ. ಸಂಜೆ ಬಸ್ಸಿಗೆ ಊರಿಗೆ ವಾಪಸಾಗುವವನಿಗೆ ಪೇಟೆಯ ಜಾತಿ ಕಾಣುವುದೂ ಇಲ್ಲ. ರಾತ್ರಿ ಅಲ್ಲೇ ಮಲಗಬೇಕು ಅಂದಾಗ ಅದು ಕಾಣುತ್ತದೆ.

ನಾನು ಹೇಳುತ್ತಿರುವುದು ಬೆಂಗಳೂರು ಮೈಸೂರಿನ ಸುದ್ದಿಯಲ್ಲ. ಒಂದು ಬಸ್ ಸ್ಟ್ಯಾಂಡು, ಒಂದು ತಾಲ್ಲೂಕು ಆಫೀಸು, ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ನಾಲ್ಕು ಜೆರಾಕ್ಸ್ ಅಂಗಡಿ, ಎರಡು ಮಿಲಿಟರಿ ಹೋಟೆಲು ಇರುವ ಊರಿನ ಸುದ್ದಿ. ಚಾಮರಾಜನಗರದ ಕಡೆಯಾಗಲಿ, ಕೋಲಾರದ ಕಡೆಯಾಗಲಿ, ಅಂಥ ಊರು ನಿಮಗೆಲ್ಲ ಗೊತ್ತು. ದೊಡ್ಡ ಪಟ್ಟಣದವನಿಗೆ ನಮ್ಮ ಜಾತಿ ತಿಳಿಯಲು ನಾಲ್ಕು ದಿನ ಬೇಕು. ಇಲ್ಲಿ ಎರಡು ಪ್ರಶ್ನೆ ಸಾಕು.

‘ಯಾವೂರಪ್ಪ?’

ಹೇಳುತ್ತೀರಿ.

‘ಅಲ್ಲಿ ಯಾರ ಪೈಕಿ?’

ಅಷ್ಟೇ. ಗೇಟಿನ ಮೇಲೆ ‘ಬಾಡಿಗೆಗೆ ಇದೆ’ ಬೋರ್ಡು ಇನ್ನೂ ನೇತಾಡುತ್ತಿರುತ್ತದೆ, ಅದರ ಕೆಳಗೇ ನಿಂತು ಆ ಯಜಮಾನ, ‘ಅಯ್ಯೋ, ನಿನ್ನೆ ತಾನೇ ಅಡ್ವಾನ್ಸ್ ಕೊಟ್ಟು ಹೋದ್ರಲ್ಲಪ್ಪ’ ಎನ್ನುತ್ತಾನೆ. ಇನ್ನೊಬ್ಬ ‘ಮಗಳು ಬಾಣಂತನಕ್ಕೆ ಬರ್ತಾಳೆ’ ಎನ್ನುತ್ತಾನೆ. ಮತ್ತೊಬ್ಬನದು ಸಸ್ಯಾಹಾರದ ಶಾಸ್ತ್ರ. ಅವನ ಮಗನನ್ನು ನಾವು ಮಿಲಿಟರಿ ಹೋಟೆಲಿನಲ್ಲಿ ಎಲುಬು ಕಡಿಯುವಾಗ ಕಂಡಿದ್ದೇವೆ, ಇರಲಿ. ಎಲ್ಲರಿಗಿಂತ ನಯವಂತರು ಒಬ್ಬರು ಇರುತ್ತಾರೆ. ‘ನಾವು ಅದನ್ನೆಲ್ಲ ನೋಡೋರಲ್ಲಪ್ಪ. ಅಕ್ಕಪಕ್ಕದೋರು ಏನಂತಾರೋ ಅಂತ.’ ಪಕ್ಕದ ಮನೆಗೆ ಹೋಗಿ ಕೇಳಿ, ಅವರೂ ಇದನ್ನೇ ಹೇಳುತ್ತಾರೆ. ಹಾಗಾದರೆ ಇಡೀ ಊರಿನಲ್ಲಿ ಜಾತಿ ಮಾಡುವವನು ಒಬ್ಬನೇ ಒಬ್ಬ. ಅವನು ಎಲ್ಲರ ಪಕ್ಕದ ಮನೆಯವನು!

ಈ ನೆಪ ಹೊಸದೇನಲ್ಲ. 1917ರಲ್ಲಿ ಬಾಬಾಸಾಹೇಬರು ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬರೋಡಾ ಮಹಾರಾಜರ ಸರ್ಕಾರದ ಕೆಲಸಕ್ಕೆ ಬಂದರು. ಉಳಿಯಲು ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿಗಳ ವಸತಿಗೃಹದಲ್ಲಿ ಇದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಒಬ್ಬ ಹಿಂದೂ ಸ್ನೇಹಿತನನ್ನು ಕೇಳಿದರೆ, ನೀನು ಬಂದರೆ ನಮ್ಮ ಮನೆಯ ಆಳುಗಳು ಬಿಟ್ಟುಹೋಗುತ್ತಾರೆ ಎಂಬ ಕಾರಣ ಬಂತು. ನೋಡಿ, ಅಲ್ಲಿಯೂ ತಪ್ಪು ಸ್ನೇಹಿತನದಲ್ಲ, ಆಳುಗಳದು! ಐದು ಗಂಟೆ ಹೊತ್ತು ಅವರು ಸಾರ್ವಜನಿಕ ತೋಟದಲ್ಲಿ ಕೂತಿದ್ದು, ಕೊನೆಗೆ ಮುಂಬಯಿ ರೈಲು ಹತ್ತಿದರು.

ಆದ್ದರಿಂದ ಸುಳ್ಳು ಹೆಸರು ಹೇಳಿ ರೂಮು ಹಿಡಿದ ಹುಡುಗರನ್ನು ನಾನು ಬಯ್ಯಲಾರೆ. ಆದರೆ ಆ ಬಾಳು ಎಂಥದು ಅಂತ ಕೇಳಿ ನೋಡಿ. ಫೋನಿನ ಡಿಪಿಯಿಂದ ಬಾಬಾಸಾಹೇಬರನ್ನು ತೆಗೆಯಬೇಕು. ಊರಿಂದ ಅವ್ವ ನೋಡಲು ಬಂದರೆ ಬಸ್ ಸ್ಟ್ಯಾಂಡಿನಲ್ಲೇ ಮಾತಾಡಿಸಿ ಕಳಿಸಬೇಕು, ಅವಳ ಮಾತು ಕೇಳಿದರೆ ಓನರಮ್ಮನಿಗೆ ಗೊತ್ತಾಗುತ್ತದೆ. ಬಾಡಿಗೆ ನಾವೇ ಕೊಟ್ಟು, ಕಳ್ಳರ ಹಾಗೆ ನಾವೇ ಇರಬೇಕು. ಮೂರು ವರ್ಷದ ಡಿಗ್ರಿಯಲ್ಲಿ ಅವನು ಕಲಿತದ್ದು ಹೆತ್ತವಳನ್ನು ಬಚ್ಚಿಡುವುದು.

‘ಕಾನೂನಿದೆಯಲ್ಲ’ ಎನ್ನುತ್ತೀರಿ. ಇದೆ, ನಾವು ಓದಿಲ್ಲ ಅಷ್ಟೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯನ್ನು 1976ರಲ್ಲಿ ಬಿಗಿಮಾಡಿ ನಾಗರಿಕ ಹಕ್ಕು ಸಂರಕ್ಷಣಾ ಕಾಯಿದೆ ಎಂದು ಕರೆದರು. ಅದರ ನಾಲ್ಕನೆಯ ಕಲಮಿನಲ್ಲಿ ಅಂಗಡಿ, ಹೋಟೆಲು, ಬಾವಿ ಮಾತ್ರವಲ್ಲ, ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟುವುದು, ಪಡೆಯುವುದು, ಅದರಲ್ಲಿ ಇರುವುದೂ ಸೇರಿದೆ. ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದವನಿಗೆ ಒಂದರಿಂದ ಆರು ತಿಂಗಳು ಜೈಲು, 100ರಿಂದ 500 ರೂಪಾಯಿ ದಂಡ. ಐನೂರು ರೂಪಾಯಿ! ಇವತ್ತು ನಮ್ಮ ಊರಿನಲ್ಲಿ ಅದು ರೂಮಿನ ಒಂದು ವಾರದ ಬಾಡಿಗೆಯೂ ಅಲ್ಲ. ಅದು ಹಾಗಿರಲಿ, ಹನ್ನೆರಡನೆಯ ಕಲಮು ಮುಖ್ಯ. ಅಡ್ಡಿಗೆ ಗುರಿಯಾದವನು ಪರಿಶಿಷ್ಟ ಜಾತಿಯವನಾದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ಆಯಿತೆಂದು ಕೋರ್ಟು ಭಾವಿಸಬೇಕು; ಅಲ್ಲವೆಂದು ಸಾಬೀತು ಮಾಡುವ ಹೊಣೆ ಎದುರಿನವನದು. ಮಗಳ ಬಾಣಂತನದ ಕತೆಯನ್ನು ಅವನು ಕೋರ್ಟಿನಲ್ಲಿ ಹೇಳಲಿ. ಆದರೆ ದೂರು ಎಲ್ಲಿ? ನಾವು ಕೈಕಾಲು ಮುರಿದರೆ ಮಾತ್ರ ಸ್ಟೇಷನ್ನಿಗೆ ಹೋಗುವವರು. ಮನಸ್ಸು ಮುರಿದರೆ ಟೀ ಕುಡಿದು ರೂಮು ಹುಡುಕಲು ಮುಂದಿನ ಬೀದಿಗೆ ಹೋಗುತ್ತೇವೆ.

ಸಣ್ಣದನ್ನು ಬಿಟ್ಟರೆ ದೊಡ್ಡದಾಗುತ್ತದೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಶುರುವಾದದ್ದು ಏನರಿಂದ? ಕ್ಷೌರದಂಗಡಿ, ಹೋಟೆಲಿನ ಬಾಗಿಲಿನಿಂದ. 2014ರ ಆಗಸ್ಟಿನಲ್ಲಿ ಅದು ನಮ್ಮವರ ಗುಡಿಸಲಿಗೆ ಬೆಂಕಿಯಾಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಬಹುಪಾಲು ಮಂದಿಗೆ ಮರುತಿಂಗಳೇ ಹೈಕೋರ್ಟಿನಲ್ಲಿ ಜಾಮೀನೂ ಸಿಕ್ಕಿತು. ಬಾಗಿಲಿನಿಂದ ತೀರ್ಪಿಗೆ ಹತ್ತು ವರ್ಷ.

ಇನ್ನು ಹಾಸ್ಟೆಲ್ಲು. ಹಾಸ್ಟೆಲ್ಲನ್ನು ಊರಿನ ಯಾವ ದಿಕ್ಕಿಗೆ ಕಟ್ಟಿದ್ದಾರೆ, ನೀವೇ ಒಮ್ಮೆ ನಿಂತು ನೋಡಿ. ನಮ್ಮಲ್ಲಿ ಸ್ಮಶಾನ ದಾಟಿ, ಕಸ ಸುರಿಯುವ ಜಾಗದ ಪಕ್ಕ. ಹಳ್ಳಿಯಲ್ಲಿ ಕೇರಿ ಎಲ್ಲಿತ್ತೋ ಪೇಟೆಯಲ್ಲಿ ಹಾಸ್ಟೆಲ್ಲು ಅಲ್ಲಿದೆ. ಸರ್ಕಾರಿ ಜಾಗ ಅಲ್ಲೇ ಸಿಕ್ಕಿದ್ದು ಎನ್ನುತ್ತಾರೆ. ಯಾವಾಗಲೂ ಅಲ್ಲೇ ಸಿಗುತ್ತದೆ. ಅಲ್ಲಿಂದ ನಡೆದು ಕಾಲೇಜಿಗೆ ಬಂದರೆ, ‘ಏನ್ರಯ್ಯಾ ಸರ್ಕಾರದ ಅಳಿಯಂದಿರು, ಲೇಟು’ ಎಂಬ ಸ್ವಾಗತ. ಅಳಿಯನಿಗೆ ಹೀಗೆ ಹುಳ ಆರಿಸಿ ಅನ್ನ ಉಣ್ಣಿಸುವ ಮಾವ ಯಾವ ಸೀಮೆಯಲ್ಲಿದ್ದಾನೆ ನನಗೆ ಗೊತ್ತಿಲ್ಲ. ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ. ಅದು ಯಾರ ಮಾವನ ಮನೆಯ ಗಂಟೂ ಅಲ್ಲ. ಇವತ್ತು ಆ ಹಣಕ್ಕೆ ಆಧಾರ್ ಜೋಡಿಸಿಲ್ಲ, ಬ್ಯಾಂಕು ಖಾತೆ ಹೊಂದುತ್ತಿಲ್ಲ ಎಂದು ಸೈಬರ್ ಅಂಗಡಿಯ ಮುಂದೆ ದಿನಗಟ್ಟಲೆ ಕ್ಯೂ ನಿಲ್ಲುತ್ತೇವೆ. ಅಲ್ಲಿಯೂ ಪ್ರತಿ ಪ್ರಿಂಟಿಗೆ ದುಡ್ಡು. ಊರು ನಡೆಯುತ್ತಿರುವುದೇ ನಮ್ಮಿಂದ. ಕಾಲೇಜಿಗೆ ರಜೆ ಬಂದ ತಿಂಗಳು ಜೆರಾಕ್ಸಿನವನ, ಮೆಸ್ಸಿನವನ, ಬೇಕರಿಯವನ ಮುಖ ನೋಡಿ. ನಮ್ಮ ನೋಟು ಗಲ್ಲಾಪೆಟ್ಟಿಗೆಯೊಳಗೆ ಹೋಗಬಹುದು, ನಾವು ಮಾತ್ರ ಹೊಸ್ತಿಲೊಳಗೆ ಹೋಗಬಾರದು.

ಹೆಣ್ಣುಮಕ್ಕಳ ಪಾಡು ಬೇರೆಯೇ. 2023ರ ಜೂನಿನಿಂದ ಅವರಿಗೆ ಬಸ್ಸು ಉಚಿತ. ಒಳ್ಳೆಯದು, ನಮ್ಮ ತಂಗಿಯರು ಎಷ್ಟೋ ಜನ ಅದರಿಂದಲೇ ಡಿಗ್ರಿಗೆ ಸೇರಿದರು. ಆದರೆ ರೂಮು ಸಿಗದ ಕಾರಣಕ್ಕೆ ದಿನಾ ಓಡಾಡುವವಳಿಗೆ ಲೈಬ್ರರಿ ಇಲ್ಲ, ಸಂಜೆಯ ಸಭೆ ಇಲ್ಲ, ಈ ಪತ್ರಿಕೆಯೂ ಕೈಗೆ ಸಿಗುವುದಿಲ್ಲ. ನಮ್ಮ ಸಭೆಗಳಲ್ಲಿ ಅವರು ಯಾಕಿಲ್ಲ ಎಂದು ಕೇಳುವ ಅಣ್ಣಂದಿರು ಸಭೆಯನ್ನು ಮಧ್ಯಾಹ್ನ ಎರಡಕ್ಕೆ ಇಟ್ಟುಕೊಂಡು ನೋಡಲಿ.

ನಮ್ಮವರಿಗೂ ಎರಡು ಮಾತು ಹೇಳಬೇಕು, ಸಿಟ್ಟು ಬಂದರೆ ಬರಲಿ. ಇದೇ ಪೇಟೆಯಲ್ಲಿ ಪೌರಕಾರ್ಮಿಕರ ಕಾಲೋನಿ ಇದೆ. ಕಾಲೇಜಿನ ಮುಂದಿನ ರಸ್ತೆ ಬೆಳಿಗ್ಗೆ ಗುಡಿಸುವವರು ಅಲ್ಲಿಯವರು. ಅಲ್ಲಿ ಖಾಲಿ ಮನೆ ಇದ್ದರೂ ಡಿಗ್ರಿ ಓದುವ ನಮ್ಮ ಹುಡುಗ ಹೋಗುವುದಿಲ್ಲ. ‘ಅಲ್ಲೆಲ್ಲ ಹೆಂಗಿರೋದಣ್ಣ’ ಎನ್ನುತ್ತಾನೆ. ಓನರಮ್ಮನ ಮಾತಿಗೂ ಇವನ ಮಾತಿಗೂ ಏನು ವ್ಯತ್ಯಾಸ? ಹಾಸ್ಟೆಲ್ಲಿನೊಳಗೂ ಎಡಗೈಯವರ ರೂಮು, ಬಲಗೈಯವರ ರೂಮು ಎಂದು ಆಗಿರುವುದನ್ನು ನಾನು ಕಂಡಿದ್ದೇನೆ. ಒಳಮೀಸಲಾತಿಯ ಬಗ್ಗೆ 2024ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಪಾಲು ನ್ಯಾಯವಾಗಿ ಹಂಚಿಕೊಳ್ಳೋಣ, ಅದರ ಚರ್ಚೆ ಸಭೆಯಲ್ಲಾಗಲಿ. ತಟ್ಟೆ ಯಾಕೆ ಬೇರೆ?

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ‘ಬೂಸಾ’ ಎಂಬ ಮಾತಾಡಿದಾಗ ಏಟು ತಿಂದದ್ದು ದಲಿತ ವಿದ್ಯಾರ್ಥಿಗಳು. ಮಂತ್ರಿಗಿರಿ ಹೋಯಿತು. ಆದರೆ ಏಟು ತಿಂದ ಹುಡುಗರು ಹಾಸ್ಟೆಲ್ಲುಗಳಲ್ಲಿ ಒಟ್ಟಿಗೆ ಇದ್ದುದರಿಂದಲೇ ರಾತ್ರಿ ಕೂತು ಮಾತಾಡಿದರು, ಸಂಘಟನೆ ಬೆಳೆಯಿತು. ಒಬ್ಬೊಬ್ಬರೂ ಒಂದೊಂದು ಓಣಿಯ ರೂಮಿನಲ್ಲಿ ಸುಳ್ಳು ಹೆಸರಿನಲ್ಲಿ ಅಡಗಿದ್ದರೆ ಏನಾಗುತ್ತಿತ್ತು?

ಈ ವರ್ಷ ಒಂದು ಕೆಲಸ. ಮನೆ ಕೇಳಲು ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಬೀದಿ, ಮನೆ, ತಾರೀಖು, ಹೊತ್ತು, ಯಜಮಾನ ಆಡಿದ ಮಾತು ಆಡಿದ ಹಾಗೇ ಬರೆದುಕೊಳ್ಳಿ. ಬೋರ್ಡಿನ ಫೋಟೋ ತೆಗೆಯಿರಿ. ವಾರ ಬಿಟ್ಟು ಹೋಗಿ ಇನ್ನೊಂದು ತೆಗೆಯಿರಿ. ಬರೆಯಲು ಒಂದು ದಪ್ಪ ನೋಟ್ ಪುಸ್ತಕವನ್ನು ಹುಡುಗರ ಹಾಸ್ಟೆಲ್ಲಿನ ಊಟದ ಹಾಲಿನಲ್ಲೂ, ಇನ್ನೊಂದನ್ನು ಹುಡುಗಿಯರ ಹಾಸ್ಟೆಲ್ಲಿನಲ್ಲೂ ಇಟ್ಟಿದ್ದೇವೆ. ಅಡ್ಮಿಷನ್ ಮುಗಿದ ಮೊದಲ ಸೋಮವಾರ ಎರಡನ್ನೂ ತೆಗೆದುಕೊಂಡು ಮೊದಲು ಪೊಲೀಸ್ ಸ್ಟೇಷನ್ನಿಗೆ, ಆಮೇಲೆ ಉಪವಿಭಾಗಾಧಿಕಾರಿಗಳ ಜಾಗೃತಿ ಸಮಿತಿಗೆ ಕೊಡಲು ಹೋಗುವುದು. ಬರುವವರು ಬೆಳಿಗ್ಗೆ ಹತ್ತಕ್ಕೆ ಬಸ್ ಸ್ಟ್ಯಾಂಡಿನ ಅಂಬೇಡ್ಕರ್ ಪ್ರತಿಮೆಯ ಹತ್ತಿರ ಸೇರಿ. ತಿಂಡಿ ತಿಂದೇ ಬನ್ನಿ, ಸಾಹೇಬರು ಹೊತ್ತು ಮಾಡಿಯೇ ಬರುತ್ತಾರೆ.